ಫೈಲಿನಲ್ಲಿ ಕನ್ನಡ ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆ: ಸಿ ಭಾಷೆಯ ವೈಡ್ ಸ್ಟ್ರೀಮ್ ಹೇಗೆ ಕೆಲಸ ಮಾಡುತ್ತದೆ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕಾಗಿ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಸದಸ್ಯರ ಹೆಸರುಗಳು ಕನ್ನಡದಲ್ಲಿರುವುದರಿಂದ ಎಲ್ಲವನ್ನೂ ಡಬ್ಲ್ಯುಚಾರ್_ಟಿ (ವೈಡ್ ಕ್ಯಾರೆಕ್ಟರ್, ಅಂದರೆ ಒಂದಕ್ಕಿಂತ ಹೆಚ್ಚು ಬೈಟ್‌ನ ಅಕ್ಷರ) ಅರೇಗಳಲ್ಲಿ ಇಟ್ಟುಕೊಂಡು, ಎಫ್‌ಪುಟ್‌ಡಬ್ಲ್ಯುಎಸ್ ಮೂಲಕ ವರದಿಯ ಫೈಲಿಗೆ ಬರೆಯುತ್ತೇನೆ. ಮೊದಲಿಗೇ ಸೆಟ್‌ಲೊಕೇಲ್ ಅನ್ನು ಖಾಲಿ ಸ್ಟ್ರಿಂಗ್‌ನೊಂದಿಗೆ ಕರೆದಿದ್ದೇನೆ. ಲಿನಕ್ಸ್ ಟರ್ಮಿನಲ್‌ನಲ್ಲಿ ನಾನೇ ರನ್ ಮಾಡಿದರೆ ಹೆಸರುಗಳು ಸರಿಯಾಗಿ ಬರುತ್ತವೆ. ಅದೇ ಪ್ರೋಗ್ರಾಂ ರಾತ್ರಿ ಕ್ರಾನ್ (ನಿಗದಿತ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನಾಗಿ ನಡೆಸುವ ಲಿನಕ್ಸ್ ಸೇವೆ) ಮೂಲಕ ರನ್ ಆದಾಗ ಬರೀ ಪ್ರಶ್ನೆಚಿಹ್ನೆಗಳು. ನಡುವೆ ಎಫ್‌ಪ್ರಿಂಟ್‌ಎಫ್ ಬಳಸಿ ಬರೆದ ದಿನಾಂಕದ ಸಾಲು ಎಲ್ಲಿಯೂ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ವಿಂಡೋಸ್‌ನಲ್ಲಿ ಕಂಪೈಲ್ ಮಾಡಿದರೆ ಇಂಗ್ಲಿಷ್ ತಲೆಬರಹ ಬರುತ್ತದೆ, ಮೊದಲ ಕನ್ನಡ ಅಕ್ಷರದ ಹತ್ತಿರ ಬರವಣಿಗೆ ನಿಂತುಹೋಗುತ್ತದೆ. ವೈಡ್ ಕ್ಯಾರೆಕ್ಟರ್ ಬಳಸಿದ ಮೇಲೂ ಹೀಗೇಕೆ?

ಉತ್ತರ: ಮೂರೂ ತೊಂದರೆಗಳು ಬೇರೆಬೇರೆಯಾಗಿ ಕಂಡರೂ ಬೇರು ಒಂದೇ ಕಡೆ ಇದೆ. ವೈಡ್ ಫಂಕ್ಷನ್‌ಗಳು ಫೈಲಿಗೆ ವೈಡ್ ಕ್ಯಾರೆಕ್ಟರ್‌ಗಳನ್ನು ಬರೆಯುವುದಿಲ್ಲ. ಫೈಲಿಗೆ ಹೋಗುವುದು ಯಾವಾಗಲೂ ಬೈಟ್‌ಗಳೇ. ನೀವು ಕೊಟ್ಟ ವೈಡ್ ಕ್ಯಾರೆಕ್ಟರ್‌ಗಳನ್ನು ಲೈಬ್ರರಿ ಯಾವುದೋ ಒಂದು ಎನ್‌ಕೋಡಿಂಗ್‌ಗೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಗೆ) ಬದಲಿಸಿ ಬೈಟ್‌ಗಳನ್ನಾಗಿ ಮಾಡುತ್ತದೆ, ಆಮೇಲೆ ಬರೆಯುತ್ತದೆ. ಆ ಎನ್‌ಕೋಡಿಂಗ್ ಯಾವುದು ಎಂದು ನಿಮ್ಮ ಕೋಡ್ ಸ್ಪಷ್ಟವಾಗಿ ಹೇಳದೇ ಇದ್ದರೆ, ಪ್ರೋಗ್ರಾಂ ಎಲ್ಲಿ ರನ್ ಆಗುತ್ತಿದೆಯೋ ಆ ಪರಿಸರ ತೀರ್ಮಾನಿಸುತ್ತದೆ. ನಿಮ್ಮ ಟರ್ಮಿನಲ್ ಒಂದು ತೀರ್ಮಾನ ಕೊಟ್ಟಿತು, ಕ್ರಾನ್ ಇನ್ನೊಂದು ಕೊಟ್ಟಿತು, ವಿಂಡೋಸ್ ಮತ್ತೊಂದು.

ಮೊದಲು ಸರಿಯಾಗಿ ಬಂದಾಗ ಏನಾಗುತ್ತದೆ ಎಂದು ನೋಡೋಣ. "ಕನ್ನಡ" ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ಹಲಂತ ಚಿಹ್ನೆ, ಮತ್ತೊಂದು ನ, ಡ. ಯೂನಿಕೋಡ್ ಕನ್ನಡಕ್ಕೆ ಕೊಟ್ಟಿರುವ ಜಾಗ ದಶಮಾನದಲ್ಲಿ ಹೇಳಿದರೆ 3200ರಿಂದ 3327ರವರೆಗೆ, ಒಟ್ಟು 128 ಸ್ಥಾನ. ಅದರಲ್ಲಿ ಕ ಎಂಬುದು 3221. ಯೂನಿಕೋಡ್‌ನ ಎನ್‌ಕೋಡಿಂಗ್ ಆದ ಯುಟಿಎಫ್-8ರಲ್ಲಿ ಈ ವ್ಯಾಪ್ತಿಯ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಕ ಫೈಲಿನಲ್ಲಿ 224, 178, 149 ಆಗುತ್ತದೆ. ನ 224, 178, 168. ಹಲಂತ 224, 179, 141. ಡ 224, 178, 161. ಹಾಗಾಗಿ ಇಡೀ ಪದಕ್ಕೆ 15 ಬೈಟ್. ಮೆಮೊರಿಯಲ್ಲಿ ಮಾತ್ರ ಲೆಕ್ಕ ಬೇರೆ. ಲಿನಕ್ಸ್‌ನಲ್ಲಿ ಡಬ್ಲ್ಯುಚಾರ್_ಟಿ ನಾಲ್ಕು ಬೈಟ್‌ನದ್ದು, ಹಾಗಾಗಿ ಅದೇ ಪದ ಅಲ್ಲಿ 20 ಬೈಟ್. ವಿಂಡೋಸ್‌ನಲ್ಲಿ ಅದು ಎರಡು ಬೈಟ್‌ನದ್ದು, ಪದ 10 ಬೈಟ್. ಈ 20 ಅಥವಾ 10 ಬೈಟ್‌ಗಳಿಂದ ಆ 15 ಬೈಟ್‌ಗಳನ್ನು ಮಾಡುವ ಕೆಲಸವೇ ಎಫ್‌ಪುಟ್‌ಡಬ್ಲ್ಯುಎಸ್, ಎಫ್‌ಡಬ್ಲ್ಯುಪ್ರಿಂಟ್‌ಎಫ್ ಮುಂತಾದ ಫಂಕ್ಷನ್‌ಗಳ ಒಳಗೆ ನಡೆಯುವುದು.

ಈಗ ನಿಮ್ಮ ಕ್ರಾನ್ ಕಥೆ. ಸಿ ಪ್ರೋಗ್ರಾಂ ಶುರುವಾಗುವಾಗ ಅದರ ಲೊಕೇಲ್ (ಭಾಷೆ, ಎನ್‌ಕೋಡಿಂಗ್ ಮುಂತಾದವುಗಳ ಸೆಟ್ಟಿಂಗ್) "ಸಿ" ಎಂಬ ಮೂಲ ಲೊಕೇಲ್ ಆಗಿರುತ್ತದೆ. ಸೆಟ್‌ಲೊಕೇಲ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ, ಎನ್ವಿರಾನ್‌ಮೆಂಟ್‌ನಲ್ಲಿ ಏನಿದೆಯೋ ಅದನ್ನು ತೆಗೆದುಕೋ ಎಂದು ಅರ್ಥ. ಮೊದಲು ಎಲ್‌ಸಿ_ಆಲ್, ಅದಿಲ್ಲದಿದ್ದರೆ ಎಲ್‌ಸಿ_ಸಿಟೈಪ್, ಅದೂ ಇಲ್ಲದಿದ್ದರೆ ಲ್ಯಾಂಗ್, ಈ ಕ್ರಮದಲ್ಲಿ ಹುಡುಕಾಟ ನಡೆಯುತ್ತದೆ. ನೀವು ಲಾಗಿನ್ ಆಗಿ ತೆರೆದ ಟರ್ಮಿನಲ್‌ನಲ್ಲಿ ಲ್ಯಾಂಗ್ ಎಂಬುದು ಇಎನ್_ಐಎನ್ ಅಥವಾ ಕೆಎನ್_ಐಎನ್ ಎಂದು ಇರುತ್ತದೆ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಈ ಎರಡೂ ಲೊಕೇಲ್‌ಗಳು ಯುಟಿಎಫ್-8ರಲ್ಲೇ ಇವೆ, ಹಳೆಯ ಯುರೋಪಿಯನ್ ಲೊಕೇಲ್‌ಗಳಂತೆ ಇನ್ನೊಂದು ಎನ್‌ಕೋಡಿಂಗ್‌ನ ಆವೃತ್ತಿ ಇವಕ್ಕಿಲ್ಲ. ಆದ್ದರಿಂದ ನಿಮ್ಮ ಕೈಯಿಂದ ರನ್ ಮಾಡಿದಾಗ ಎಲ್ಲವೂ ಸುಸೂತ್ರ. ಕ್ರಾನ್ ಮಾತ್ರ ಬಹಳ ಚಿಕ್ಕ ಎನ್ವಿರಾನ್‌ಮೆಂಟ್ ಕೊಟ್ಟು ಪ್ರೋಗ್ರಾಂ ಶುರು ಮಾಡುತ್ತದೆ. ಅನೇಕ ವ್ಯವಸ್ಥೆಗಳಲ್ಲಿ ಅದರಲ್ಲಿ ಲ್ಯಾಂಗ್ ಇರುವುದೇ ಇಲ್ಲ. ಹಾಗಾದಾಗ ನಿಮ್ಮ ಸೆಟ್‌ಲೊಕೇಲ್ ಕರೆ ಯಶಸ್ವಿಯಾಗಿಯೇ "ಸಿ" ಲೊಕೇಲ್ ಅನ್ನು ಮತ್ತೆ ಹಾಕಿಕೊಳ್ಳುತ್ತದೆ. ಆ ಲೊಕೇಲ್‌ನ ಎನ್‌ಕೋಡಿಂಗ್ ಆಸ್ಕಿ. ಅದರಲ್ಲಿ 3221 ಎಂಬ ಸಂಕೇತಕ್ಕೆ ಜಾಗವೇ ಇಲ್ಲ.

ಜಾಗವಿಲ್ಲದ ಅಕ್ಷರ ಬಂದಾಗ ಜಿಲಿಬ್‌ಸಿ ಮಾಡುವ ಕೆಲಸವೇ ನಿಮ್ಮನ್ನು ದಾರಿ ತಪ್ಪಿಸಿದ್ದು. ವೈಡ್ ಸ್ಟ್ರೀಮ್‌ನಲ್ಲಿ (ವೈಡ್ ಫಂಕ್ಷನ್‌ಗಳಿಂದ ಬರೆಯುವ, ತೆರೆದ ಫೈಲಿನಲ್ಲಿ) ಅದು ಹತ್ತಿರದ ಬದಲಿ ಅಕ್ಷರ ಸಿಗುತ್ತದೆಯೇ ಎಂದು ನೋಡುತ್ತದೆ, ಸಿಗದಿದ್ದರೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ಎರರ್ ಎಂದು ನಿಮಗೆ ತಿಳಿಸಬೇಕೆಂದೇನೂ ಇಲ್ಲ. ಹೀಗಾಗಿ ರಿಟರ್ನ್ ವ್ಯಾಲ್ಯೂ ಪರೀಕ್ಷಿಸಿದ್ದರೂ ಈ ಒಂದು ತಪ್ಪು ನಿಮ್ಮ ಕೈಗೆ ಸಿಗದೇ ಹೋಗಬಹುದಿತ್ತು.

ನನಗೆ ಇದು ನಿಜಕ್ಕೂ ಗಂಭೀರವಾದ ವಿಷಯ. ಪ್ರಶ್ನೆಚಿಹ್ನೆ ಎಂದರೆ ಫೈಲಿನಲ್ಲಿ 63 ಎಂಬ ಒಂದೇ ಬೈಟ್. ಮೊದಲು ಅಲ್ಲಿ ಕ ಇತ್ತೋ ಮ ಇತ್ತೋ ಎಂಬ ಸುಳಿವು ಅದರಲ್ಲಿ ಎಳ್ಳಷ್ಟೂ ಉಳಿದಿರುವುದಿಲ್ಲ. ಐದು ಸಂಕೇತಗಳ ಹೆಸರಿಗೆ ಐದು 63. "ಮಲ್ಲಪ್ಪ" ಎಂಬುದಕ್ಕೆ ಏಳು. ಒಬ್ಬ ಸದಸ್ಯನ ಹೆಸರು ಇದ್ದ ಜಾಗದಲ್ಲಿ ಅಷ್ಟು ಸಂಕೇತಗಳು ಇದ್ದವು ಎಂಬುದಷ್ಟೇ ಉಳಿಯುತ್ತದೆ. ಆ ಫೈಲ್ ಇಟ್ಟುಕೊಂಡು ಯಾರೂ, ಯಾವ ಸಾಫ್ಟ್‌ವೇರ್‌ನಿಂದಲೂ, ಹೆಸರುಗಳನ್ನು ಮರಳಿ ಪಡೆಯಲಾಗದು.

ಇದನ್ನು ಇನ್ನೊಂದು ತೊಂದರೆಯೊಂದಿಗೆ ಬೆರೆಸಿಕೊಳ್ಳಬೇಡಿ. ಕೆಲವೊಮ್ಮೆ ಫೈಲಿನ ಒಳಗೆ 15 ಬೈಟ್‌ಗಳೂ ಸರಿಯಾಗಿಯೇ ಇರುತ್ತವೆ, ತೆರೆದು ನೋಡುವ ಎಡಿಟರ್ ಅದನ್ನು ಯುಟಿಎಫ್-8 ಎಂದು ತಿಳಿಯದೆ ಪಶ್ಚಿಮ ಯುರೋಪಿನ ಹಳೆಯ ಎನ್‌ಕೋಡಿಂಗ್ ಎಂದುಕೊಂಡು ತೋರಿಸುತ್ತದೆ. ಆಗ ತಲೆಯ ಮೇಲೆ ಗೀಟಿರುವ ಲ್ಯಾಟಿನ್ ಎ ಅಕ್ಷರ, ಪಕ್ಕದಲ್ಲಿ ಮೇಲೇರಿದ ಸಣ್ಣ 2, ಹೀಗೆ ಒಂದು ಸಂಕೇತಕ್ಕೆ ಮೂರರಂತೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆ 224 ಮತ್ತು 178 ಬೈಟ್‌ಗಳೇ ಹಾಗೆ ಕಾಣುವುದು. ಅದು ಕನ್ನಡಕ ಬದಲಿಸಿದರೆ ಸರಿಹೋಗುವ ಸಮಸ್ಯೆ, ಎಡಿಟರ್‌ನಲ್ಲಿ ಎನ್‌ಕೋಡಿಂಗ್ ಬದಲಿಸಿದರೆ ಸಾಕು. ಯಾವುದು ಯಾವುದೆಂದು ತಿಳಿಯಲು ಕಣ್ಣನ್ನು ನಂಬಬೇಡಿ, ಬೈಟ್‌ಗಳನ್ನೇ ನೋಡಿ. ಲಿನಕ್ಸ್‌ನ ಓಡಿ ಎಂಬ ಹಳೆಯ ಕಮ್ಯಾಂಡ್‌ಗೆ ದಶಮಾನದಲ್ಲಿ ಒಂದೊಂದೇ ಬೈಟ್ ತೋರಿಸು ಎಂಬ ಆಯ್ಕೆ ಇದೆ. 224ರಿಂದ ಶುರುವಾಗುವ ಮೂರರ ಗುಂಪುಗಳು ಕಂಡರೆ ನಿಶ್ಚಿಂತೆ. ಸಾಲುಸಾಲು 63 ಕಂಡರೆ ಆ ಫೈಲ್ ಹೋಯಿತು.

ಇನ್ನು ದಿನಾಂಕದ ಸಾಲು ಕಾಣೆಯಾದದ್ದು. ಸಿ ಭಾಷೆಯಲ್ಲಿ ವೈಡ್ ಇನ್‌ಪುಟ್-ಔಟ್‌ಪುಟ್ ಬಂದದ್ದು 1995ರಲ್ಲಿ, 1990ರ ಐಎಸ್‌ಒ ಮಾನದಂಡಕ್ಕೆ ಸೇರಿಸಿದ ತಿದ್ದುಪಡಿಯ ಮೂಲಕ. ಆಮೇಲೆ ಅದು ಸಿ99ರ ಒಳಗೇ ಸೇರಿಕೊಂಡಿತು. ಆ ತಿದ್ದುಪಡಿ ಪ್ರತಿ ಸ್ಟ್ರೀಮ್‌ಗೂ ಒಂದು ಹೊಸ ಗುಣ ಕೊಟ್ಟಿತು, ಓರಿಯೆಂಟೇಶನ್. ಎಫ್‌ಓಪನ್ ಮಾಡಿದ ಕ್ಷಣದಲ್ಲಿ ಸ್ಟ್ರೀಮ್‌ಗೆ ಯಾವ ಓರಿಯೆಂಟೇಶನ್ನೂ ಇರುವುದಿಲ್ಲ. ನೀವು ಅದರ ಮೇಲೆ ಮಾಡುವ ಮೊದಲ ಓದು ಅಥವಾ ಬರವಣಿಗೆ ಅದನ್ನು ತೀರ್ಮಾನಿಸುತ್ತದೆ. ಮೊದಲು ಎಫ್‌ಪುಟ್‌ಡಬ್ಲ್ಯುಎಸ್ ಕರೆದರೆ ಅದು ವೈಡ್ ಸ್ಟ್ರೀಮ್. ಮೊದಲು ಎಫ್‌ಪ್ರಿಂಟ್‌ಎಫ್ ಕರೆದರೆ ಬೈಟ್ ಸ್ಟ್ರೀಮ್. ಒಮ್ಮೆ ತೀರ್ಮಾನವಾದ ಮೇಲೆ ಬದಲಾಗುವುದಿಲ್ಲ. ಎಫ್‌ರೀಓಪನ್ ಮಾಡಿದರೆ ಮಾತ್ರ ಮತ್ತೆ ಮೊದಲಿನ ಸ್ಥಿತಿ. ವೈಡ್ ಸ್ಟ್ರೀಮ್ ಮೇಲೆ ಬೈಟ್ ಫಂಕ್ಷನ್ ಬಳಸಬಾರದು, ಬೈಟ್ ಸ್ಟ್ರೀಮ್ ಮೇಲೆ ವೈಡ್ ಫಂಕ್ಷನ್ ಬಳಸಬಾರದು ಎಂಬುದು ನಿಯಮ.

ನಿಮ್ಮ ಪ್ರೋಗ್ರಾಂ ಮೊದಲು ಸಂಘದ ಹೆಸರನ್ನು ಎಫ್‌ಪುಟ್‌ಡಬ್ಲ್ಯುಎಸ್‌ನಿಂದ ಬರೆದಿರಬೇಕು. ಅಲ್ಲಿಗೆ ಸ್ಟ್ರೀಮ್ ವೈಡ್ ಆಯಿತು. ಆಮೇಲೆ ಬಂದ ಎಫ್‌ಪ್ರಿಂಟ್‌ಎಫ್‌ಗೆ ಜಿಲಿಬ್‌ಸಿ ಮೈನಸ್ ಒಂದನ್ನು ಹಿಂತಿರುಗಿಸಿ, ಏನನ್ನೂ ಬರೆಯದೆ ಸುಮ್ಮನಾಗುತ್ತದೆ. ಪ್ರಿಂಟ್‌ಎಫ್ ಜಾತಿಯ ಫಂಕ್ಷನ್‌ಗಳ ರಿಟರ್ನ್ ವ್ಯಾಲ್ಯೂವನ್ನು ನಮ್ಮಲ್ಲಿ ಬಹುತೇಕ ಯಾರೂ ನೋಡುವುದಿಲ್ಲವಾದ್ದರಿಂದ ಸಾಲು ಸದ್ದಿಲ್ಲದೆ ಮಾಯವಾದಂತೆ ಕಾಣುತ್ತದೆ. ಪರದೆಯ ಮೇಲೂ ಇದೇ ಆಗುತ್ತದೆ. ಡೀಬಗ್ ಮಾಡಲೆಂದು ಒಂದು ಕಡೆ ಡಬ್ಲ್ಯುಪ್ರಿಂಟ್‌ಎಫ್ ಹಾಕಿ ನೋಡಿದರೆ, ಅಲ್ಲಿಂದಾಚೆಗೆ ಪ್ರೋಗ್ರಾಂನ ಎಲ್ಲ ಪ್ರಿಂಟ್‌ಎಫ್‌ಗಳೂ ಬಾಯಿ ಮುಚ್ಚಿಕೊಳ್ಳುತ್ತವೆ. ಅನುಮಾನ ಬಂದಾಗ ಎಫ್‌ವೈಡ್ ಎಂಬ ಫಂಕ್ಷನ್‌ಗೆ ಸ್ಟ್ರೀಮ್ ಮತ್ತು ಸೊನ್ನೆ ಕೊಟ್ಟು ಕೇಳಿ. ಧನ ಸಂಖ್ಯೆ ಬಂದರೆ ವೈಡ್, ಋಣ ಸಂಖ್ಯೆ ಬಂದರೆ ಬೈಟ್, ಸೊನ್ನೆ ಬಂದರೆ ಇನ್ನೂ ತೀರ್ಮಾನವಾಗಿಲ್ಲ. ಮೈಕ್ರೋಸಾಫ್ಟ್‌ನ ಲೈಬ್ರರಿಯಲ್ಲಿ ಎಫ್‌ವೈಡ್ ಹೆಸರಿಗಷ್ಟೇ ಇದೆ, ಮಾನದಂಡ ಹೇಳುವ ಕೆಲಸ ಮಾಡುವುದಿಲ್ಲ. ಹಾಗಾಗಿ ಎರಡು ಜಾತಿಯ ಫಂಕ್ಷನ್‌ಗಳನ್ನು ಬೆರೆಸಿದ ಕೋಡ್ ಅಲ್ಲಿ ನಡೆದುಹೋಗಿ, ಲಿನಕ್ಸ್‌ಗೆ ಬಂದಾಗ ಮೊದಲ ಬಾರಿಗೆ ಕೈಕೊಡುವುದು ಸಾಮಾನ್ಯ.

ಸ್ಟ್ರೀಮ್ ವೈಡ್ ಆಗುವ ಆ ಮೊದಲ ಕ್ಷಣದಲ್ಲಿ ಇನ್ನೂ ಒಂದು ತೀರ್ಮಾನವಾಗುತ್ತದೆ, ಅದನ್ನು ಗಮನಿಸುವವರು ಕಡಿಮೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನದಂಡವಾದ ಪೊಸಿಕ್ಸ್ ಪ್ರಕಾರ ಸ್ಟ್ರೀಮ್ ಯಾವ ಎನ್‌ಕೋಡಿಂಗ್‌ಗೆ ಬದಲಿಸಬೇಕು ಎಂಬುದೂ ಆಗಲೇ, ಆ ಹೊತ್ತಿಗೆ ಚಾಲ್ತಿಯಲ್ಲಿರುವ ಎಲ್‌ಸಿ_ಸಿಟೈಪ್ ನೋಡಿ, ಗಟ್ಟಿಯಾಗುತ್ತದೆ. ಮೊದಲ ಸಾಲು ಬರೆದು, ಆಮೇಲೆ ನೆನಪಾಗಿ ಸೆಟ್‌ಲೊಕೇಲ್ ಕರೆದರೆ ಆ ಫೈಲಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಮೊದಲ ಸಾಲು ಬರೀ ಇಂಗ್ಲಿಷ್ ಆಗಿದ್ದು ಸರಿಯಾಗಿ ಬಂದಿದ್ದರಂತೂ ಕಾರಣ ಹುಡುಕುವುದು ಇನ್ನೂ ಕಷ್ಟ. ಸೆಟ್‌ಲೊಕೇಲ್ ಎಂದರೆ ಮೇನ್‌ನ ಮೊದಲ ಸಾಲು ಎಂದು ಇಟ್ಟುಕೊಳ್ಳಿ.

ಇಷ್ಟು ತಿಳಿದ ಮೇಲೆ ಪರಿಹಾರ ಸುಲಭ. ಆದರೆ ಕ್ರಾನ್ ಫೈಲಿನಲ್ಲಿ ಲ್ಯಾಂಗ್ ಸೇರಿಸಿ ಕೈತೊಳೆದುಕೊಳ್ಳಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಅದರಿಂದ ಇವತ್ತಿನ ತೊಂದರೆ ಹೋಗುತ್ತದೆ, ನಿಜ. ನಾಳೆ ಅದೇ ಪ್ರೋಗ್ರಾಂ ಅನ್ನು ಯಾರೋ ಒಂದು ಕಂಟೇನರ್‌ನಲ್ಲಿ ಇಡುತ್ತಾರೆ, ಅಥವಾ ಸಿಸ್ಟಂಡಿ ಸೇವೆಯಾಗಿ ಮಾಡುತ್ತಾರೆ, ಮತ್ತೆ 63ಗಳು ಬರುತ್ತವೆ. ಪರದೆಗೆ ಬರೆಯುವಾಗ ಬಳಕೆದಾರರ ಲೊಕೇಲ್‌ಗೆ ಮರ್ಯಾದೆ ಕೊಡುವುದು ಸರಿ. ವರ್ಷಗಟ್ಟಲೆ ಉಳಿಯಬೇಕಾದ ಫೈಲಿನ ಎನ್‌ಕೋಡಿಂಗ್ ಮಾತ್ರ ಯಾರು, ಎಲ್ಲಿಂದ, ಯಾವ ಹೊತ್ತಿನಲ್ಲಿ ರನ್ ಮಾಡಿದರು ಎಂಬುದರ ಮೇಲೆ ನಿಲ್ಲಬಾರದು. ಅದು ಯುಟಿಎಫ್-8 ಎಂದು ಪ್ರೋಗ್ರಾಂ ಹೇಳಬೇಕು.

ಹೇಳುವುದು ಹೀಗೆ. ಮೊದಲು ಸೆಟ್‌ಲೊಕೇಲ್‌ಗೆ ಎಲ್‌ಸಿ_ಸಿಟೈಪ್ ಮತ್ತು ಖಾಲಿ ಸ್ಟ್ರಿಂಗ್ ಕೊಡಿ. ಎಲ್‌ಸಿ_ಆಲ್ ಬೇಡ, ಅದು ದಶಮಾಂಶ ಬಿಂದುವನ್ನೂ ಲೊಕೇಲ್‌ಗೆ ಒಪ್ಪಿಸುತ್ತದೆ, ಜರ್ಮನ್ ಲೊಕೇಲ್ ಇರುವ ಯಂತ್ರದಲ್ಲಿ 4.5 ಲೀಟರ್ ಹಾಲು 4,5 ಆಗಿ ಬರೆಯಲ್ಪಡುತ್ತದೆ. ಸೆಟ್‌ಲೊಕೇಲ್ ನಲ್ ಹಿಂತಿರುಗಿಸಿತೇ ಎಂದು ತಪ್ಪದೆ ನೋಡಿ. ಚಿಕ್ಕ ಕಂಟೇನರ್ ಇಮೇಜ್‌ಗಳಲ್ಲಿ ಲ್ಯಾಂಗ್ ಎಂದು ಬರೆದಿರುತ್ತದೆ, ಆ ಹೆಸರಿನ ಲೊಕೇಲ್ ಮಾತ್ರ ಇನ್‌ಸ್ಟಾಲ್ ಆಗಿರುವುದಿಲ್ಲ. ನಂತರ ಎನ್ಎಲ್_ಲ್ಯಾಂಗ್‌ಇನ್ಫೋ ಫಂಕ್ಷನ್‌ಗೆ ಕೋಡ್‌ಸೆಟ್ ಕೊಟ್ಟು ಈಗಿನ ಎನ್‌ಕೋಡಿಂಗ್ ಯಾವುದೆಂದು ಕೇಳಿ. ಯುಟಿಎಫ್-8 ಎಂದರೆ ಮುಂದುವರಿಯಿರಿ. ಬೇರೇನಾದರೂ ಬಂದರೆ ಸಿ.ಯುಟಿಎಫ್-8 ಎಂಬ ಲೊಕೇಲ್ ಅನ್ನು ಹೆಸರು ಹೇಳಿ ಕೇಳಿ. 2022ರಲ್ಲಿ ಬಂದ ಜಿಲಿಬ್‌ಸಿ 2.35ರಿಂದ ಅದು ಮೂಲ ಲೈಬ್ರರಿಯ ಭಾಗವೇ ಆಗಿದೆ, ಡೆಬಿಯನ್‌ನಲ್ಲಿ ಅದಕ್ಕೂ ಮೊದಲಿನಿಂದಲೂ ಇತ್ತು. ಅದೂ ಸಿಗದಿದ್ದರೆ ಕೆಎನ್_ಐಎನ್, ಇಎನ್_ಐಎನ್ ನೋಡಿ. ಯಾವುದೂ ಸಿಗದಿದ್ದರೆ ಎರರ್ ಬರೆದು ಪ್ರೋಗ್ರಾಂ ನಿಲ್ಲಿಸಿ. ವರದಿ ಬರಲಿಲ್ಲ ಎಂದು ಬೆಳಿಗ್ಗೆ ಗೊತ್ತಾಗುವುದು, ಹೆಸರುಗಳು ಅಳಿಸಿಹೋದ ವರದಿ ಆರು ತಿಂಗಳ ನಂತರ ಸಿಗುವುದಕ್ಕಿಂತ ಎಷ್ಟೋ ಮೇಲು.

ಜಿಲಿಬ್‌ಸಿ ಇನ್ನೊಂದು ದಾರಿ ಕೊಟ್ಟಿದೆ, ಅದು ಮಾನದಂಡದಲ್ಲಿ ಇಲ್ಲ. ಎಫ್‌ಓಪನ್‌ನ ಎರಡನೇ ಆರ್ಗ್ಯುಮೆಂಟ್‌ನಲ್ಲಿ ಡಬ್ಲ್ಯು ಎಂಬ ಮೋಡ್ ಅಕ್ಷರದ ನಂತರ ಅಲ್ಪವಿರಾಮ ಹಾಕಿ, ಸಿಸಿಎಸ್ ಸಮ ಯುಟಿಎಫ್-8 ಎಂದು ಬರೆದರೆ ಆ ಸ್ಟ್ರೀಮ್ ತೆರೆಯುವಾಗಲೇ ವೈಡ್ ಆಗಿ, ಲೊಕೇಲ್ ಏನೇ ಇರಲಿ, ಯುಟಿಎಫ್-8ರಲ್ಲೇ ಬರೆಯುತ್ತದೆ. ಒಂದೇ ಫೈಲ್ ಬರೆಯುವ ಚಿಕ್ಕ ಪ್ರೋಗ್ರಾಂಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಲೊಕೇಲ್ ಮೇಲೆ ನಿಂತ ಬೇರೆ ಫಂಕ್ಷನ್‌ಗಳು, ಉದಾಹರಣೆಗೆ ಬಹುಬೈಟ್ ಸ್ಟ್ರಿಂಗ್ ಅನ್ನು ವೈಡ್‌ಗೆ ಬದಲಿಸುವ ಎಂಬಿಎಸ್‌ಟುಡಬ್ಲ್ಯುಸಿಎಸ್, ಇದರಿಂದ ಸರಿಹೋಗುವುದಿಲ್ಲ. ಇನ್‌ಪುಟ್ ಫೈಲ್‌ನಿಂದ ಹೆಸರು ಓದುವಾಗ ನೀವು ಅದನ್ನೇ ಬಳಸುತ್ತಿದ್ದರೆ ಲೊಕೇಲ್ ಬೇಕೇಬೇಕು.

ವಿಂಡೋಸ್‌ಗೆ ಬರೋಣ. ಅಲ್ಲಿ ಖಾಲಿ ಸ್ಟ್ರಿಂಗ್ ಕೊಟ್ಟು ಸೆಟ್‌ಲೊಕೇಲ್ ಕರೆದರೆ ಸಾಮಾನ್ಯವಾಗಿ ಸಿಗುವುದು ಆ ಯಂತ್ರದ ಆನ್ಸಿ ಕೋಡ್ ಪೇಜ್, ಅಂದರೆ ಯೂನಿಕೋಡ್‌ಗೆ ಮೊದಲಿನ ಹಳೆಯ ಎನ್‌ಕೋಡಿಂಗ್. ಇಂಗ್ಲಿಷ್ ಸೆಟ್ಟಿಂಗ್‌ನ ಯಂತ್ರಗಳಲ್ಲಿ ಅದು 1252. ಅದರಲ್ಲಿ ಕನ್ನಡ ಇಲ್ಲ. ಕನ್ನಡಕ್ಕೆಂದೇ ಒಂದು ಆನ್ಸಿ ಕೋಡ್ ಪೇಜ್ ಹುಡುಕುವುದೂ ವ್ಯರ್ಥ, ಏಕೆಂದರೆ ವಿಂಡೋಸ್‌ನಲ್ಲಿ ಕನ್ನಡ ಯೂನಿಕೋಡ್ ಮಾತ್ರ ಇರುವ ಲೊಕೇಲ್. ಮೈಕ್ರೋಸಾಫ್ಟ್‌ನ ಲೈಬ್ರರಿ ಇಂಥ ಕಡೆ ಪ್ರಶ್ನೆಚಿಹ್ನೆ ಹಾಕದೆ, ಬದಲಿಸಲಾಗದ ಮೊದಲ ಅಕ್ಷರಕ್ಕೇ ಸೋತು ನಿಲ್ಲುತ್ತದೆ, ಎರ್‌ನೋ ಎಂಬ ಎರರ್ ವೇರಿಯಬಲ್‌ನಲ್ಲಿ ಇಐಎಲ್‌ಎಸ್‌ಇಕ್ಯು ಎಂಬ ಸಂಕೇತ ಇಡುತ್ತದೆ. ನಿಮ್ಮ ತಲೆಬರಹ ಬಂದು ಹೆಸರು ಬಾರದಿದ್ದದ್ದು ಇದರಿಂದ. ಎರಡು ನಡವಳಿಕೆಗಳಲ್ಲಿ ನನಗೆ ಇದೇ ಪ್ರಾಮಾಣಿಕ ಎನಿಸುತ್ತದೆ, ರಿಟರ್ನ್ ವ್ಯಾಲ್ಯೂ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಅಲ್ಲಿಯೂ ಎರಡು ದಾರಿ. ವಿಂಡೋಸ್ 10ರ 1803 ಆವೃತ್ತಿಯಿಂದ ಈಚೆಗೆ ಸೆಟ್‌ಲೊಕೇಲ್‌ಗೆ ಚುಕ್ಕೆ ಹಾಕಿ ಯುಟಿಎಫ್8 ಎಂದು ಕೊಟ್ಟರೆ ಯುಟಿಎಫ್-8 ಲೊಕೇಲ್ ಸಿಗುತ್ತದೆ. ಇಲ್ಲವೇ ಎಫ್‌ಓಪನ್‌ನಲ್ಲಿ ಅದೇ ಸಿಸಿಎಸ್ ಬರಹ ಕೊಡಬಹುದು, ಮೈಕ್ರೋಸಾಫ್ಟ್ ಲೈಬ್ರರಿಯೂ ಅದನ್ನು ಗುರುತಿಸುತ್ತದೆ. ಗಮನಿಸಬೇಕಾದ ವ್ಯತ್ಯಾಸ ಒಂದಿದೆ: ವಿಂಡೋಸ್‌ನಲ್ಲಿ ಹೀಗೆ ಹೊಸ ಫೈಲ್ ತೆರೆದರೆ ಅದರ ಆರಂಭದಲ್ಲಿ 239, 187, 191 ಎಂಬ ಮೂರು ಬೈಟ್‌ಗಳ ಬಾಮ್ ಎಂಬ ಯೂನಿಕೋಡ್ ಆರಂಭಸೂಚಕ ಗುರುತು ತಾನಾಗಿ ಬೀಳುತ್ತದೆ, ಲಿನಕ್ಸ್‌ನಲ್ಲಿ ಬೀಳುವುದಿಲ್ಲ. ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆಯುವವರಿಗೆ ಆ ಗುರುತು ಅನುಕೂಲ. ಫೈಲನ್ನು ಮತ್ತೊಂದು ಪ್ರೋಗ್ರಾಂ ಓದುತ್ತಿದ್ದರೆ ಮೊದಲ ಹೆಸರಿನ ಮುಂದೆ ಕಣ್ಣಿಗೆ ಕಾಣದ ಸಂಕೇತವೊಂದು ಅಂಟಿಕೊಂಡು ಹುಡುಕಾಟ ವಿಫಲವಾಗುತ್ತದೆ. ಸೋರ್ಸ್ ಫೈಲ್ ಕೂಡ ಯುಟಿಎಫ್-8 ಎಂದು ಮೈಕ್ರೋಸಾಫ್ಟ್ ಕಂಪೈಲರ್‌ಗೆ ಯುಟಿಎಫ್-8 ಆಯ್ಕೆಯಿಂದ ತಿಳಿಸಿ. ಇಲ್ಲದಿದ್ದರೆ, ಬಾಮ್ ಇಲ್ಲದ ಸೋರ್ಸ್ ಅನ್ನು ಅದು 1252 ಎಂದು ಓದಿ, ನಿಮ್ಮ ಕೋಡಿನೊಳಗಿನ ಕನ್ನಡ ಲಿಟರಲ್‌ಗಳು ಕಂಪೈಲ್ ಆಗುವಾಗಲೇ ಹಾಳಾಗಿರುತ್ತವೆ.

ಎಫ್‌ಡಬ್ಲ್ಯುಪ್ರಿಂಟ್‌ಎಫ್ ಬಳಸುವಾಗ ಒಂದು ಗುಂಡಿ ಇದೆ, ಅದರಲ್ಲಿ ಬೀಳದವರು ಅಪರೂಪ. ಮಾನದಂಡದ ಪ್ರಕಾರ ಫಾರ್ಮ್ಯಾಟ್ ವೈಡ್ ಆಗಿದ್ದರೂ %ಎಸ್ ಎಂದರೆ ಸಾಮಾನ್ಯ ಚಾರ್ ಸ್ಟ್ರಿಂಗ್, %ಎಲ್‌ಎಸ್ ಎಂದರೆ ವೈಡ್ ಸ್ಟ್ರಿಂಗ್. ಮೈಕ್ರೋಸಾಫ್ಟ್ ಲೈಬ್ರರಿಯಲ್ಲಿ ಹಳೆಯ ಕಾಲದಿಂದಲೂ ವೈಡ್ ಫಂಕ್ಷನ್‌ಗೆ ಕೊಟ್ಟ %ಎಸ್ ವೈಡ್ ಸ್ಟ್ರಿಂಗ್ ಎಂದೇ ಅರ್ಥವಾಗುತ್ತದೆ. ಅಲ್ಲಿ ಕಲಿತವರು ಲಿನಕ್ಸ್‌ನಲ್ಲಿ %ಎಸ್‌ಗೆ ವೈಡ್ ಹೆಸರು ಕೊಟ್ಟರೆ ಏನಾಗುತ್ತದೆ ನೋಡಿ. ಸಾಮಾನ್ಯ ಇಂಟೆಲ್ ಯಂತ್ರದಲ್ಲಿ ಕ ಮೆಮೊರಿಯಲ್ಲಿ 149, 12, 0, 0 ಎಂದು ಕೂತಿರುತ್ತದೆ. ಲೈಬ್ರರಿ ಅದನ್ನು ಯುಟಿಎಫ್-8 ಎಂದು ಓದಹೊರಟರೆ 149 ಯಾವ ಅಕ್ಷರದ ಆರಂಭವೂ ಅಲ್ಲ, ಕರೆ ಅಲ್ಲಿಗೇ ವಿಫಲ. ಇಂಗ್ಲಿಷ್ ಹೆಸರಾದರೆ ಮೊದಲ ಅಕ್ಷರದ ನಂತರವೇ ಸೊನ್ನೆ ಬೈಟ್ ಇರುವುದರಿಂದ ಒಂದಕ್ಷರ ಮಾತ್ರ ಬರುತ್ತದೆ. ಯಾವಾಗಲೂ %ಎಲ್‌ಎಸ್ ಎಂದೇ ಬರೆಯಿರಿ, ಎರಡೂ ಕಡೆ ಒಂದೇ ಅರ್ಥ. ಅದಕ್ಕೆ ಅಗಲ ಕೊಟ್ಟು ಕಾಲಂ ಜೋಡಿಸಲು ಮಾತ್ರ ಹೋಗಬೇಡಿ. ಎಫ್‌ಡಬ್ಲ್ಯುಪ್ರಿಂಟ್‌ಎಫ್ ಅಗಲವನ್ನು ಸಂಕೇತಗಳಲ್ಲಿ ಎಣಿಸುತ್ತದೆ, ಎಫ್‌ಪ್ರಿಂಟ್‌ಎಫ್ ಬೈಟ್‌ಗಳಲ್ಲಿ, ಕಣ್ಣು ಒತ್ತಕ್ಷರ ಕೂಡಿದ ರೂಪದಲ್ಲಿ. ಕನ್ನಡಕ್ಕೆ ಈ ಮೂರು ಲೆಕ್ಕ ಒಂದಾಗುವುದೇ ಇಲ್ಲ. ಕಾಲಂ ಬೇಕಿದ್ದರೆ ಟ್ಯಾಬ್ ಅಥವಾ ಸಿಎಸ್‌ವಿ ಬಳಸಿ.

ಎಫ್‌ರೈಟ್‌ನಿಂದ ವೈಡ್ ಅರೇಯನ್ನು ನೇರವಾಗಿ ಫೈಲಿಗೆ ಸುರಿಯುವ ಸಲಹೆ ನಿಮಗೆ ಯಾರಾದರೂ ಕೊಟ್ಟಿದ್ದರೆ ಕಿವಿಗೊಡಬೇಡಿ. ಎಫ್‌ರೈಟ್ ಬೈಟ್ ಫಂಕ್ಷನ್, ಪರಿವರ್ತನೆ ಮಾಡುವುದಿಲ್ಲ. ಲಿನಕ್ಸ್‌ನಲ್ಲಿ ಬರೆದದ್ದನ್ನು ವಿಂಡೋಸ್ ಓದಲಾರದು. ವಿಂಡೋಸ್‌ನ ಟೆಕ್ಸ್ಟ್ ಮೋಡ್‌ನಲ್ಲಂತೂ ಸಾಲಿನ ಕೊನೆಯ 10, 0 ಎಂಬ ಜೋಡಿಯ ಮುಂದೆ ಒಂದು 13 ನುಸುಳಿ, ಮುಂದಿನ ಸಾಲಿನ ಎಲ್ಲ ಜೋಡಿಗಳೂ ಒಂದು ಬೈಟ್ ಸರಿದುಹೋಗುತ್ತವೆ. ಮೊದಲ ಸಾಲು ಸರಿ, ಎರಡನೆಯದು ಕಸ.

ಬರೆದ ಫೈಲಿನ ನಡುವೆ ಹೋಗಿ ಒಂದು ಅಕ್ಷರ ತಿದ್ದುವ ಯೋಚನೆಯೂ ಬೇಡ. ಮೂರು ಬೈಟ್‌ನ ಅಕ್ಷರದ ಮೇಲೆ ಒಂದು ಬೈಟ್‌ನದ್ದನ್ನು ಬರೆದರೆ ಹಿಂದೆ ಎರಡು ಬೈಟ್ ಅನಾಥವಾಗಿ ಉಳಿಯುತ್ತವೆ. ವೈಡ್ ಸ್ಟ್ರೀಮ್‌ನಲ್ಲಿ ಹಿಂದಕ್ಕೆ ಸರಿದು ಬರೆದರೆ ಅದರ ಮುಂದಿನ ಭಾಗ ಹೇಗಿರುತ್ತದೆಂದು ಹೇಳಲಾಗದು ಎಂದೇ ಮಾನದಂಡ ಬರೆದಿಟ್ಟಿದೆ. ಹೊಸ ಫೈಲ್ ಬರೆದು ಹೆಸರು ಬದಲಿಸಿ.

ಈಗ ನೀವು ಕೇಳದ, ಆದರೆ ನಾನು ಹೇಳಲೇಬೇಕಾದ ಮಾತು. ನಿಮ್ಮ ಪ್ರೋಗ್ರಾಂಗೆ ವೈಡ್ ಸ್ಟ್ರೀಮ್ ಬೇಕೇ? ಹೆಸರನ್ನು ಒಂದು ಯುಟಿಎಫ್-8 ಫೈಲಿನಿಂದ ಓದುತ್ತೀರಿ, ಪಕ್ಕದಲ್ಲಿ ಲೀಟರ್ ಮತ್ತು ರೂಪಾಯಿ ಸೇರಿಸಿ ಇನ್ನೊಂದು ಯುಟಿಎಫ್-8 ಫೈಲಿಗೆ ಬರೆಯುತ್ತೀರಿ. ನಡುವೆ ಹೆಸರಿನ ಒಳಗಿನ ಅಕ್ಷರಗಳನ್ನು ಬಿಡಿಸಿ ನೋಡುವ ಕೆಲಸವೇ ಇಲ್ಲ. ಹಾಗಿದ್ದರೆ ಹೆಸರನ್ನು ಚಾರ್ ಅರೇಯಲ್ಲೇ ಇಡಿ, ಎಫ್‌ಗೆಟ್‌ಎಸ್‌ನಿಂದ ಓದಿ, ಎಫ್‌ಪುಟ್‌ಎಸ್ ಮತ್ತು ಎಫ್‌ಪ್ರಿಂಟ್‌ಎಫ್‌ನಿಂದ ಬರೆಯಿರಿ. ಬಂದ ಬೈಟ್‌ಗಳು ಬಂದ ಹಾಗೇ ಹೋಗುತ್ತವೆ. ಲೊಕೇಲ್ "ಸಿ" ಆಗಿದ್ದರೂ, ಕ್ರಾನ್ ಆಗಿದ್ದರೂ, 63 ಬೀಳುವ ಪ್ರಶ್ನೆಯೇ ಇಲ್ಲ, ಏಕೆಂದರೆ ಪರಿವರ್ತನೆಯೇ ನಡೆಯುವುದಿಲ್ಲ. ಅರೇಯ ಗಾತ್ರ ಲೆಕ್ಕ ಹಾಕುವಾಗ ಒಂದು ಸಂಕೇತಕ್ಕೆ ಮೂರು ಬೈಟ್ ಎಂದು ನೆನಪಿಟ್ಟರೆ ಸಾಕು. ಕನ್ನಡ ಎಂದ ಕೂಡಲೇ ಡಬ್ಲ್ಯುಚಾರ್_ಟಿ ಎಂದು ಕಲಿಸುವುದು ಹಳೆಯ ರೂಢಿ, ಯುಟಿಎಫ್-8 ಎಲ್ಲೆಡೆ ಹರಡಿದ ಮೇಲೆ ಅದಕ್ಕೆ ಕಾರಣ ಉಳಿದಿಲ್ಲ.

ವೈಡ್ ಬೇಕಾಗುವುದು ಅಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸುವಾಗ, ಅಥವಾ ವಿಂಡೋಸ್‌ನ ಸಿಸ್ಟಂ ಫಂಕ್ಷನ್‌ಗಳೊಂದಿಗೆ ಮಾತನಾಡುವಾಗ. ಅಂಥ ಕಡೆಯೂ ಸ್ಟ್ರೀಮ್ ಅನ್ನು ಬೈಟ್ ಆಗಿಯೇ ಇಟ್ಟುಕೊಂಡು, ಎಫ್‌ಪ್ರಿಂಟ್‌ಎಫ್‌ಗೆ %ಎಲ್‌ಎಸ್ ಕೊಟ್ಟು ವೈಡ್ ಹೆಸರು ಬರೆಯಬಹುದು. ಇದಕ್ಕೆ ಯುಟಿಎಫ್-8 ಲೊಕೇಲ್ ಬೇಕು. ಆದರೆ ಎರಡು ಲಾಭ: ದಿನಾಂಕದ ಸಾಲು ಮತ್ತು ಹೆಸರಿನ ಸಾಲು ಒಂದೇ ಜಾತಿಯ ಫಂಕ್ಷನ್‌ನಿಂದ ಬರುತ್ತವೆ, ಮತ್ತು ಬದಲಿಸಲಾಗದ ಅಕ್ಷರ ಸಿಕ್ಕರೆ ಜಿಲಿಬ್‌ಸಿ ಇಲ್ಲಿ ಪ್ರಶ್ನೆಚಿಹ್ನೆ ಹಾಕದೆ ಋಣ ಸಂಖ್ಯೆ ಹಿಂತಿರುಗಿಸುತ್ತದೆ. ನಿಮ್ಮ ಈಗಿನ ಕೋಡ್ ಅನ್ನು ಪೂರ್ತಿ ಬದಲಿಸಲು ಸಮಯವಿಲ್ಲದಿದ್ದರೆ ನಾನು ಹೇಳುವ ಮೊದಲ ತಿದ್ದುಪಡಿ ಇದೇ.

ಯಾವ ದಾರಿ ಹಿಡಿದರೂ ಎಫ್‌ಕ್ಲೋಸ್‌ನ ರಿಟರ್ನ್ ವ್ಯಾಲ್ಯೂ ನೋಡಿ. ಬರೆದದ್ದು ಮೊದಲು ಬಫರ್‌ನಲ್ಲಿ ಕೂತಿರುತ್ತದೆ, ಡಿಸ್ಕ್ ತುಂಬಿರುವುದು ಮುಚ್ಚುವ ಹೊತ್ತಿಗೇ ಬೆಳಕಿಗೆ ಬರಬಹುದು. ಸಂಘದ ಹಳೆಯ ಪಟ್ಟಿ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗಿದ್ದರೆ ಈ ಯಾವ ಫಂಕ್ಷನ್ನೂ ಅದನ್ನು ಕನ್ನಡ ಎಂದು ಗುರುತಿಸುವುದಿಲ್ಲ. ಮೊದಲು ಕನ್ವರ್ಟರ್‌ನಿಂದ ಯೂನಿಕೋಡ್‌ಗೆ ತನ್ನಿ. ಇನ್ನು ಈಗಾಗಲೇ ಕ್ರಾನ್ ಬರೆದಿಟ್ಟ ವರದಿಗಳಲ್ಲಿ ಪಕ್ಕಪಕ್ಕ ಎರಡು 63 ಇರುವ ಸಾಲುಗಳನ್ನು ಹುಡುಕಿ, ಆ ದಿನಗಳ ವರದಿಯನ್ನು ಮೂಲ ಪಟ್ಟಿಯಿಂದ ಮತ್ತೆ ತಯಾರಿಸಿ, ಮೂಲ ಪಟ್ಟಿ ಕೈಯಲ್ಲಿರುವಾಗಲೇ.

ತಿದ್ದಿದ ಪ್ರೋಗ್ರಾಂ ಪರೀಕ್ಷಿಸಲು ರಾತ್ರಿಯವರೆಗೆ ಕಾಯಬೇಕಿಲ್ಲ. ಎನ್ವ್ ಕಮ್ಯಾಂಡ್‌ಗೆ ಮೈನಸ್ ಐ ಆಯ್ಕೆ ಕೊಟ್ಟು ಅದರ ಮುಂದೆ ನಿಮ್ಮ ಪ್ರೋಗ್ರಾಂ ಹೆಸರು ಬರೆದರೆ ಎನ್ವಿರಾನ್‌ಮೆಂಟ್ ಪೂರ್ತಿ ಖಾಲಿಯಾಗಿ ರನ್ ಆಗುತ್ತದೆ, ಕ್ರಾನ್‌ಗಿಂತಲೂ ಕಠಿಣ ಪರಿಸ್ಥಿತಿ. ಒಂದು ಒತ್ತಕ್ಷರ ಇರುವ ಹೆಸರು, ಒಂದು ಇಂಗ್ಲಿಷ್ ಹೆಸರು, ನಡುವೆ ದಿನಾಂಕದ ಸಾಲು ಇರುವ ಚಿಕ್ಕ ಪಟ್ಟಿ ಕೊಡಿ. ಬಂದ ಫೈಲಿನ ಬೈಟ್‌ಗಳನ್ನು ಓಡಿ ಮೂಲಕ ನೋಡಿ. ಟರ್ಮಿನಲ್‌ನಲ್ಲಿ ಮಾಮೂಲಿನಂತೆ ರನ್ ಮಾಡಿ ಬಂದ ಫೈಲಿಗೂ ಇದಕ್ಕೂ ಸಿಎಂಪಿ ಕಮ್ಯಾಂಡ್ ಒಂದು ಬೈಟ್ ವ್ಯತ್ಯಾಸವನ್ನೂ ತೋರಿಸದಿದ್ದರೆ ಕ್ರಾನ್‌ಗೆ ಹಾಕಬಹುದು.